ಗಾಜಿನ ಬಾಯಿಗೆ ಹೆಬ್ಬೆರಳು

ಕ್ವೇತಾ ಶಿಮೂನ್ಕೋವಾ ಟ್ರಾಮ್ ಹತ್ತಿದಳೆಂದರೆ ಮಕ್ಕಳು ತಿರುಗಿ ನೋಡುತ್ತಿದ್ದವು. ಅವಳ ಕೋಟು, ತಲೆಗೆ ಸುತ್ತಿದ ಉಣ್ಣೆಯ ವಸ್ತ್ರ, ಕೈಚೀಲದಲ್ಲಿದ್ದ ಬ್ರೆಡ್ಡು ಎಲ್ಲವೂ ಬಾದಾಮಿ ಮಿಠಾಯಿಯ ವಾಸನೆ ಹೊಡೆಯುತ್ತಿದ್ದವು. ಈಕೆ ಮಿಠಾಯಿ ಅಂಗಡಿಯವಳಿರಬೇಕೆಂದು ಎಷ್ಟೋ ಜನ ತಿಳಿದಿದ್ದರು. ಅಲ್ಲವೆಂದು ಹೇಳಲು ಅವಳೂ ಹೋಗುತ್ತಿರಲಿಲ್ಲ. ಇದು ನೈಟ್ರೋಬೆಂಜೀನ್ ಎಂಬ ವಿಷದ ವಾಸನೆ, ಹೆಚ್ಚು ಉಸಿರಾಡಿದರೆ ತುಟಿ ನೀಲಿಗಟ್ಟುತ್ತದೆ ಎಂದು ಟ್ರಾಮಿನಲ್ಲಿ ನಿಂತು ಪಾಠ ಮಾಡುವವರು ಯಾರು? ಕ್ರಿಸ್‌ಮಸ್ ಬಂತೆಂದರೆ ಇಡೀ ಪ್ರಾಗ್ ಬಾದಾಮಿ ಅರೆಯುತ್ತ ಕೂರುತ್ತಿತ್ತು. ಕ್ವೇತಾಳ ಮನೆಯೊಳಗೆ ಮಾತ್ರ ಬಾದಾಮಿಗೆ ಪ್ರವೇಶವಿರಲಿಲ್ಲ, ಇದಕ್ಕೆ ಮಗಳು ರಾದ್ಕಾ ಪ್ರತಿವರ್ಷ ತಪ್ಪದೆ ಮುನಿಸಿಕೊಳ್ಳುತ್ತಿದ್ದಳು.

ಕ್ವೇತಾ ಹುಟ್ಟಿದ್ದು ಪ್ರಾಗಿನ ಝಿಷ್ಕೋವ್ ಬಡಾವಣೆಯಲ್ಲಿ, ರೈಲು ಹಳಿಗಳ ಪಕ್ಕದ ಹೊಗೆ ಹಿಡಿದ ಕಟ್ಟಡದಲ್ಲಿ. ಅಪ್ಪ ಯಾರ್ಡಿನಲ್ಲಿ ಬೋಗಿ ಜೋಡಿಸುವ ಕೆಲಸದವನು. ಯುದ್ಧ ಮುಗಿದ ಮೇಲೆ, ಇನ್ನೂ ಎರಡು ಜಡೆ ಹಾಕುತ್ತಿದ್ದ ವಯಸ್ಸಿನಲ್ಲಿ, ಅವಳು ರಸಾಯನಶಾಸ್ತ್ರದ ಸಂಸ್ಥೆಯೊಂದಕ್ಕೆ ಗಾಜಿನ ಸಾಮಾನು ತೊಳೆಯಲು ಸೇರಿದಳು. ಅಲ್ಲಿದ್ದ ಒಬ್ಬ ಸಿಡುಕಿ ಮುದುಕಿ ಅವಳಿಗೆ ಕೆಲಸ ಕಲಿಸಿದಳು. ಮೊದಲು ಆಸಿಡ್, ಆಮೇಲೆ ಮೂರು ಸಲ ಭಟ್ಟಿ ಇಳಿಸಿದ ನೀರು. ಸೋಪು ತಾಗಕೂಡದು, ಬಟ್ಟೆ ತಾಗಕೂಡದು. ಕೊನೆಯಲ್ಲಿ ನೀರು ತುಂಬಿ, ಗಾಜಿನ ಬಾಯಿಗೆ ಹೆಬ್ಬೆರಳಿಟ್ಟು ಮುಚ್ಚಿ, ತಲೆಕೆಳಗು ಮಾಡಿ ಅಲ್ಲಾಡಿಸಿ ಚೆಲ್ಲಬೇಕು. ನೀರು ಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿ ಜಾರಿದರೆ ಗಾಜು ಶುದ್ಧ. ನಿಂತರೆ ಮತ್ತೆ ಆಸಿಡ್. ಮುದುಕಿ ಸತ್ತು ಎಷ್ಟೋ ವರ್ಷವಾಗಿದ್ದರೂ ಕ್ವೇತಾಳ ಹೆಬ್ಬೆರಳು ಆ ಪಾಠವನ್ನು ಬಿಟ್ಟಿರಲಿಲ್ಲ.

ಮಿಕ್ಕ ಬದುಕು ಹೇಳಿಕೊಳ್ಳುವಂಥದ್ದೇನಲ್ಲ. ಗಂಡ ಟ್ರಾಮ್ ಓಡಿಸುತ್ತಿದ್ದ. ಒಂದು ಬೆಳಿಗ್ಗೆ ಎದೆನೋವೆಂದು ಡಿಪೋದಲ್ಲಿ ಕೂತವನು ಏಳಲೇ ಇಲ್ಲ. ತಮ್ಮ, ಅರವತ್ತೆಂಟರಲ್ಲಿ ರಷ್ಯದ ಟ್ಯಾಂಕುಗಳು ಬಂದ ಹೊಸದರಲ್ಲೇ ಗಡಿ ದಾಟಿ ಕೆನಡಾ ಸೇರಿಕೊಂಡ. ಅವನು ಸುಖವಾಗಿದ್ದಾನೆ, ಸಂತೋಷ. ಅವನು ಬಿಟ್ಟುಹೋದ ಕಪ್ಪು ಚುಕ್ಕೆ ಮಾತ್ರ ಇಲ್ಲಿ ಇವರ ಹಣೆಗೆ ಅಂಟಿಕೊಂಡಿತು. ಓಡಿಹೋದವನ ಸೋದರ ಸೊಸೆಗೆ ಒಳ್ಳೆಯ ಶಾಲೆಯಲ್ಲಿ ಸೀಟು ಸಿಗುವುದು ಅಷ್ಟರಲ್ಲೇ ಇತ್ತು. ರಾದ್ಕಾಗೆ ನರ್ಸಿಂಗ್ ಶಾಲೆಯ ಹುಚ್ಚು. ಚಿಕ್ಕಂದಿನಿಂದ ಗೊಂಬೆಗಳ ಕಾಲಿಗೆಲ್ಲ ಬ್ಯಾಂಡೇಜು ಸುತ್ತಿ ಬೆಳೆದ ಹುಡುಗಿ. ಎಂಟನೇ ಇಯತ್ತೆ ಎಪ್ಪತ್ತೊಂಬತ್ತರ ಬೇಸಿಗೆಯ ಹೊಸ್ತಿಲಲ್ಲಿ ಮುಗಿಯಲಿತ್ತು, ಕ್ವೇತಾಳಿಗೆ ಅದೊಂದೇ ಚಿಂತೆ.

ಸಂಸ್ಥೆಯಲ್ಲಿ ಅವಳ ಪಾಲಿಗೆ ಬಂದದ್ದು ನೆಲಮಾಳಿಗೆಯ ಕೋಣೆ, ಅಲ್ಲಿನ ವಿಜ್ಞಾನಿ ಡಾಕ್ಟರ್ ವ್ರಾಟಿಸ್ಲಾವ್ ಹೇಯ್ಡಾ. ಕಮ್ಯುನಿಸ್ಟ್ ಪಕ್ಷದಿಂದ ಹೊರಹಾಕಿಸಿಕೊಂಡ ಮೇಲೆ ಮೇಲಿನ ಮಹಡಿಯಿಂದ ಅವರನ್ನು ಇಲ್ಲಿಗೆ ಇಳಿಸಿದ್ದರು. ಗಾಜಿನ ಸಣ್ಣ ಪಾತ್ರೆಯೊಂದರಲ್ಲಿ ಕೆಳಗೆ ನೈಟ್ರೋಬೆಂಜೀನ್, ಮೇಲೆ ನೀರು. ಎರಡೂ ಸೇರುವುದಿಲ್ಲ, ನಡುವೆ ಒಂದು ಗಡಿ ನಿಲ್ಲುತ್ತದೆ. ಎರಡರಲ್ಲೂ ಉಪ್ಪು ಕರಗಿಸಿ, ನಾಲ್ಕು ತಂತಿ ಇಳಿಬಿಟ್ಟು, ಮೆಲ್ಲಗೆ ವಿದ್ಯುತ್ತಿನ ಒತ್ತಡ ಏರಿಸಿದರೆ, ಉಪ್ಪಿನೊಳಗಿನ ವಿದ್ಯುತ್ ಕಣಗಳು, ಅಯಾನುಗಳು, ಒಂದು ಹಂತದಲ್ಲಿ ಆ ಗಡಿ ದಾಟುತ್ತವೆ. ಒತ್ತಡ ಇಳಿಸಿದರೆ ಹಿಂದಕ್ಕೆ ಬರುತ್ತವೆ. ಯಂತ್ರದ ಪೆನ್ನು ಅದನ್ನೆಲ್ಲ ಕಾಗದದ ಮೇಲೆ ಒಂದು ಗುಡ್ಡ, ಒಂದು ಕಣಿವೆಯಾಗಿ ಬರೆಯುತ್ತದೆ. ಹೇಯ್ಡಾ ಅವರ ಬದುಕಿನಲ್ಲಿ ಉಳಿದಿದ್ದ ಸಂತೋಷ ಆ ಗುಡ್ಡ ಮತ್ತು ಕಣಿವೆ, ಅಷ್ಟೇ.

ಅಲ್ಲ, ಶನಿವಾರವೂ ಒಂದಿತ್ತು. ಶನಿವಾರ ಕಟ್ಟಡ ಖಾಲಿಯಾದ ಮೇಲೆ ಕಲ್ಲಿದ್ದಲು ಇಳಿಸುವ ಹಿಂಬಾಗಿಲಿನಿಂದ ಟೋಪಿಯನ್ನು ಹಣೆಯವರೆಗೆ ಇಳಿಸಿಕೊಂಡು ಒಬ್ಬ ಬರುತ್ತಿದ್ದ. ಅಲೋಯಿಸ್ ತೂಮಾ. ಹಿಂದೆ ಇದೇ ಸಂಸ್ಥೆಯ ಉಪನ್ಯಾಸಕ, ಟ್ಯಾಂಕುಗಳನ್ನು ಟೀಕಿಸಿದ್ದಕ್ಕೆ ಕ್ಷಮೆ ಕೇಳಿ ಸಹಿ ಹಾಕೆಂದರೆ ಹಾಕದೆ ಕೆಲಸ ಕಳೆದುಕೊಂಡ ಹಟಮಾರಿ, ಕಟ್ಟಡದೊಳಗೆ ಕಾಲಿಡಬಾರದವನು. ಈಗ ಆಸ್ಪತ್ರೆಯೊಂದರ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಇಬ್ಬರೂ ಸೇರಿ ಸಂಜೆಯವರೆಗೆ ಅಳೆಯುತ್ತಿದ್ದರು, ಜಗಳವಾಡುತ್ತಿದ್ದರು, ಹಂದಿ ಕೊಬ್ಬು ಸವರಿದ ಬ್ರೆಡ್ಡು ತಿನ್ನುತ್ತಿದ್ದರು. ಗಾಜು ತೊಳೆಯಲೆಂದು ಕ್ವೇತಾಳೂ ಬರುತ್ತಿದ್ದಳು. ಅವಳನ್ನು ಯಾವಾಗಲೂ ಪಾನಿ, ಅಂದರೆ ಶ್ರೀಮತಿ, ಎಂದೇ ಮರ್ಯಾದೆಯಿಂದ ಕರೆಯುತ್ತಿದ್ದ ತೂಮಾ ಒಮ್ಮೆ, ಪೆನ್ನು ಗುಡ್ಡ ಹತ್ತುವುದನ್ನು ನೋಡುತ್ತ, "ನೋಡಿ ಪಾನಿ ಕ್ವೇತಾ, ನಮ್ಮ ದೇಶದಲ್ಲಿ ಗಡಿ ದಾಟೋಕೆ ಬಿಟ್ಟಿರೋದು ಇವರನ್ನ ಮಾತ್ರ. ಅದೂ ವಾಪಸ್ ಬರ್ತಾರೆ ಅನ್ನೋ ನಂಬಿಕೆ ಮೇಲೆ," ಎಂದಿದ್ದ. ಅವಳು ನಕ್ಕಿದ್ದಳು. ತಮ್ಮನ ನೆನಪಾಗಿ ಆಮೇಲೆ ಗಾಜಿನ ಕಡೆ ತಿರುಗಿದ್ದಳು.

ಎಪ್ಪತ್ತೆಂಟರ ಶರತ್ಕಾಲದಲ್ಲಿ ಸಿಬ್ಬಂದಿ ವಿಭಾಗದ ರೋಸ್ತಿಸ್ಲಾವ್ ಬೇಮ್ ಅವಳನ್ನು ಕಾಫಿಗೆ ಕರೆದ. ಬೇಮ್ ಕೂಗಾಡುವ ಜಾತಿಯವನಲ್ಲ. ಕೂಗಾಡುವವರ ಹತ್ತಿರ ಬಾಯಿ ಬಿಗಿಹಿಡಿಯುವುದು ಸುಲಭ. ಇವನು ನಿನ್ನ ಮೊಣಕಾಲು ನೋವು ಹೇಗಿದೆ ಎಂದು ಕೇಳುವವನು. ಕಾಫಿಯ ಗಷ್ಟು ತಳಕ್ಕಿಳಿಯಲೆಂದು ಕಾಯುತ್ತ, ರಾದ್ಕಾಳ ಶಾಲೆಯ ವಿಷಯ ತನಗೆ ಗೊತ್ತಿದೆಯೆಂದ, ತನ್ನದೊಂದು ಮಾತು ಸಾಕೆಂದ. ಹಾಗೆಯೇ ನೆಲಮಾಳಿಗೆಯ ಕುಶಲ ಕೇಳಿದ. ಶನಿವಾರ ಯಾರೋ ಟೋಪಿಯವನು ಹಿಂಬಾಗಿಲಿನಿಂದ ಬರುತ್ತಾನೆಂದು ಗೇಟಿನವನು ಹೇಳುತ್ತಾನಲ್ಲ, ಯಾರದು? ಒಂದು ಶನಿವಾರ ಬಂದು ತಾನೇ ನೋಡಬಹುದಿತ್ತು. ಆದರೆ ಶುಕ್ರವಾರ ಮಧ್ಯಾಹ್ನ ದಾಟಿತೆಂದರೆ ಎಲ್ಲರ ಹಾಗೆ ಬೇಮ್ ಕೂಡ ತನ್ನ ಹಳ್ಳಿಮನೆಗೆ ಹೊರಟುಬಿಡುತ್ತಿದ್ದ. ಟೊಮೇಟೊ ಗಿಡ ಬಿಟ್ಟು ದೇಶ ಕಾಯುವಷ್ಟು ಉತ್ಸಾಹ ಅವನಿಗಿರಲಿಲ್ಲ. ಅದಕ್ಕೇ ಹೆಸರನ್ನು ಬೇರೆಯವರ ಬಾಯಿಂದ ಹೊರಡಿಸಬೇಕಿತ್ತು.

ಕ್ವೇತಾ ಹೇಳಲಿಲ್ಲ. ಹೇಳುವುದಿಲ್ಲವೆಂದೂ ಹೇಳಲಿಲ್ಲ. ಗಾಜು ತೊಳೆಯುವಾಗ ತಲೆ ಎತ್ತುವುದಿಲ್ಲ ಎಂದು ಏನೋ ಗೊಣಗಿ ಎದ್ದಳು. ಇಂಥ ಕಾಫಿ ಮತ್ತೆ ಮತ್ತೆ ಆಯಿತು. ಡಿಸೆಂಬರಿನಲ್ಲಿ ಬೇಮ್ ಅವಳ ಕೈ ನೋಡಿದ. ಆಸಿಡ್ ಮತ್ತು ಚಳಿಗೆ ಬೆರಳ ಗೆಣ್ಣುಗಳು ಬಿರುಕುಬಿಟ್ಟು ರಕ್ತ ಒಸರುತ್ತಿತ್ತು. ಮೇಜಿನ ಖಾನೆಯಿಂದ ನೀಲಿ ಡಬ್ಬಿಯೊಂದನ್ನು ತೆಗೆದು ಮುಂದಿಟ್ಟ. ಪಶ್ಚಿಮ ಜರ್ಮನಿಯ ಮುಲಾಮು. ವಿದೇಶಿ ಹಣದ ಚೀಟಿ ಇದ್ದವರಿಗಷ್ಟೇ ತೆರೆದ ಅಂಗಡಿಯದ್ದು. "ಇದಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದ ಬೇಮ್. "ಕೈ ನೋಡೋಕಾಗ್ತಿಲ್ಲ, ಅಷ್ಟೇ."

ತೆಗೆದುಕೊಳ್ಳಬಾರದಿತ್ತು. ಅವಳಿಗೂ ಗೊತ್ತಿತ್ತು. ಆದರೆ ಕೈ ನಿಜವಾಗಿ ಉರಿಯುತ್ತಿತ್ತು, ಮತ್ತು ಯಾರೋ ಒಬ್ಬರು ಅದನ್ನು ಗಮನಿಸಿ ಎಷ್ಟೋ ವರ್ಷವಾಗಿತ್ತು. ಪ್ರಯೋಗಾಲಯಕ್ಕೆ ಮುಲಾಮು ತರಬಾರದೆಂಬ ನಿಯಮವನ್ನು ಹೊಸಬರಿಗೆ ಬೈದು ಕಲಿಸುತ್ತಿದ್ದವಳೇ ಅವಳು. ತರುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮಲಗುವಾಗ ಹಚ್ಚಿ, ಬೆಳಿಗ್ಗೆ ಚೆನ್ನಾಗಿ ತೊಳೆದುಕೊಂಡು ಹೋಗುತ್ತಿದ್ದಳು. ಬಿರುಕುಗಳು ಕೂಡಿಕೊಂಡವು. ಇಷ್ಟು ಮೆತ್ತಗಿನ ಕೈ ತನ್ನದೇ ಹೌದೋ ಅಲ್ಲವೋ ಎಂದು ಅವಳಿಗೇ ಅನುಮಾನವಾಗುವಷ್ಟು.

ಹೊಸ ವರ್ಷದ ಹೊತ್ತಿಗೆ ಭಯಂಕರ ಚಳಿ ಅಪ್ಪಳಿಸಿತು. ಕಲ್ಲಿದ್ದಲು ಗಣಿಯಲ್ಲೇ ಹೆಪ್ಪುಗಟ್ಟಿತಂತೆ. ಶಾಲೆಗಳಿಗೆ ಕಲ್ಲಿದ್ದಲ ರಜೆ ಕೊಟ್ಟರು, ರಾದ್ಕಾ ಕೋಟು ಹಾಕಿಕೊಂಡೇ ಅಡುಗೆಮನೆಯಲ್ಲಿ ಕೂತು ಓದಿದಳು. ಅದೇ ಜನವರಿಯಲ್ಲಿ ನೆಲಮಾಳಿಗೆಯ ಪೆನ್ನು ನಡುಗತೊಡಗಿತು. ಗುಡ್ಡ ಹತ್ತುವುದಕ್ಕೆ ಹೊರಟ ಗೆರೆ ಅರ್ಧದಲ್ಲೇ ಗರಗಸದ ಹಲ್ಲಿನ ಹಾಗೆ ಚುಚ್ಚಿ ಚುಚ್ಚಿ ಏಳುವುದು, ಕಣಿವೆಯಂತೂ ಗುರುತೇ ಸಿಗದು. ಹೇಯ್ಡಾ ತಂತಿ ಬದಲಿಸಿದರು, ಉಪ್ಪು ಬದಲಿಸಿದರು. ಕ್ವೇತಾ ನೈಟ್ರೋಬೆಂಜೀನನ್ನು ಹೊಸದಾಗಿ ಶುದ್ಧ ಮಾಡಿಕೊಟ್ಟಳು. ಏನು ಮಾಡಿದರೂ ಅದೇ ನಡುಕ. ಗಡಿಯಲ್ಲಿ ಏನೋ ಬಂದು ಕೂತಿದೆ ಎಂದರು ಹೇಯ್ಡಾ. ಅರ್ಧ ನೀರನ್ನೂ ಅರ್ಧ ಎಣ್ಣೆಯನ್ನೂ ಮೆಚ್ಚುವ ಜಿಡ್ಡು, ಸೋಪಿನಂಥದ್ದು. ತಲೆ ಈ ಕಡೆ, ಬಾಲ ಆ ಕಡೆ ಇಟ್ಟುಕೊಂಡು ಗಡಿಯ ಮೇಲೇ ಠಿಕಾಣಿ ಹೂಡುತ್ತದೆ, ಹೋಗಬರುವವರನ್ನೆಲ್ಲ ಕಾಡುತ್ತದೆ. ಕಣ್ಣಿಗೆ ಕಾಣದಷ್ಟಿದ್ದರೂ ಸಾಕು. ವಸಂತದೊಳಗೆ ಅಳತೆ ಸರಿಹೋಗದಿದ್ದರೆ ಕೋಣೆಯನ್ನು ಬೇರೆ ವಿಭಾಗಕ್ಕೆ ಕೊಡುವುದಾಗಿ ನಿರ್ದೇಶಕರು ಆಗಲೇ ಹೇಳಿಯಾಗಿತ್ತು.

ಹೇಯ್ಡಾ ಒಳ್ಳೆಯವರು. ಆದರೆ ಹೆದರಿದ ಒಳ್ಳೆಯವರು ಕೆಟ್ಟವರಿಗಿಂತ ಬೇಗ ಅನ್ಯಾಯ ಮಾಡುತ್ತಾರೆ. ಫೆಬ್ರವರಿಯ ಒಂದು ಶನಿವಾರ ಅವರು ಅಲೋಯಿಸ್ ತೂಮಾನ ಕೈಗಳನ್ನೇ ನೋಡುತ್ತ ನಿಂತರು. ಬಾಯ್ಲರಿನ ಮಸಿ, ಗ್ರೀಸು ಅವನ ಉಗುರ ಸಂದಿಯನ್ನು ಬಿಟ್ಟಿದ್ದೇ ಇಲ್ಲ.

"ಅಲೋಯಿಸ್, ತಪ್ಪು ತಿಳ್ಕೋಬೇಡ. ಸ್ವಲ್ಪ ದಿನ ಬರಬೇಡ."

"ನನ್ನಿಂದಾನಾ?" ಎಂದ ತೂಮಾ.

"ಗೊತ್ತಿಲ್ಲ. ಬೇರೆ ಏನೂ ಹೊಳೀತಿಲ್ಲ ನಂಗೆ."

ತೂಮಾ ತನ್ನ ಅಂಗೈಗಳನ್ನು ತಿರುವಿ ನೋಡಿಕೊಂಡ. ಯಾವತ್ತೂ ಬಾಯಿಗೆ ಬೀಗವಿಲ್ಲದ ಮನುಷ್ಯ, ಅಂದು ಒಂದು ತಮಾಷೆಯನ್ನೂ ಆಡದೆ ಟೋಪಿ ಹಾಕಿಕೊಂಡು ಹೊರಟ. ಬ್ರೆಡ್ಡು ಹಾಗೇ ಉಳಿಯಿತು.

ಮರುದಿನ ಬೆಳಿಗ್ಗೆ ಕ್ವೇತಾ ಮನೆಯಲ್ಲಿ ಹಾಲಿನ ಲೋಟ ತೊಳೆಯುತ್ತಿದ್ದಳು. ಮುಲಾಮು ಹಚ್ಚಿದ್ದ ಕೈಯನ್ನು ಆಗಷ್ಟೇ ಸೋಪು ಹಾಕಿ ಉಜ್ಜಿದ್ದಳು. ಅಭ್ಯಾಸಬಲ, ನೀರು ತುಂಬಿ, ಬಾಯಿಗೆ ಹೆಬ್ಬೆರಳಿಟ್ಟು, ತಲೆಕೆಳಗು ಮಾಡಿ ಚೆಲ್ಲಿದಳು. ಲೋಟದ ಅಂಚಿನಲ್ಲಿ ಹೆಬ್ಬೆರಳು ತಾಗಿದ ಜಾಗವನ್ನು ಮಾತ್ರ ಬಿಟ್ಟು ನೀರು ಆಚೀಚೆ ಸರಿದುಹೋಯಿತು. ಅಲ್ಲೊಂದು ಸಣ್ಣ ಹನಿ ಗುಂಡಗೆ ನಿಂತಿತ್ತು. ಅವಳು ಲೋಟವನ್ನು ಕಣ್ಣಿಗೆ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. ರಾದ್ಕಾ ಏನಮ್ಮ ಎಂದು ಕೇಳಿದರೆ, ಏನಿಲ್ಲ, ಲೋಟ ಒಡೆದಿದೆ ಅಂದುಕೊಂಡೆ ಎಂದಳು.

ಡಬ್ಬಿ ಅಂದೇ ಕಪಾಟಿನ ಮೂಲೆ ಸೇರಿತು. ಅವಳ ಲೆಕ್ಕಾಚಾರ ಸರಳವಾಗಿತ್ತು. ಮುಲಾಮು ನಿಲ್ಲಿಸಿದರೆ ಗೆರೆ ಸರಿಹೋಗುತ್ತದೆ, ಗೆರೆ ಸರಿಹೋದರೆ ಡಾಕ್ಟರು ತೂಮಾನನ್ನು ಮತ್ತೆ ಕರೆಯುತ್ತಾರೆ, ಯಾರಿಗೂ ಏನೂ ಹೇಳುವ ಪ್ರಮೇಯವೇ ಇಲ್ಲ. ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಕಳೆದವಳು, ಎರಡು ವಿಷಯವನ್ನು ಒಟ್ಟಿಗೆ ಬದಲಿಸಬಾರದೆಂಬ ಮೊದಲ ಪಾಠವನ್ನೇ ಮರೆತಳು. ತೂಮಾ ಬರುವುದೂ ಮುಲಾಮೂ ಒಟ್ಟಿಗೇ ನಿಂತಿದ್ದವು. ಚರ್ಮ ಒಣಗುತ್ತ ಬಂದ ಹಾಗೆ ಪೆನ್ನಿನ ನಡುಕ ಇಳಿಯಿತು. ಮಾರ್ಚ್ ಹೊತ್ತಿಗೆ ಗುಡ್ಡ, ಕಣಿವೆ ಎರಡೂ ಮೊದಲಿನಂತೆ ನುಣ್ಣಗೆ ಮೂಡಿದವು. ಹೇಯ್ಡಾ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುಖದಲ್ಲಿ ಗೆಲುವಿರಲಿಲ್ಲ.

"ಹಾಗಾದ್ರೆ ಅಲೋಯಿಸೇ," ಎಂದರು. "ಪಾಪ. ಅವನಿಗೆ ಇನ್ನು ಬಾ ಅನ್ನೋ ಹಾಗಿಲ್ಲ."

ಕ್ವೇತಾ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯಲು ಹೊರಟಳು. ಆ ಶುಕ್ರವಾರ ಬೇಮ್ ಕಾಫಿಗೆ ಕರೆದಾಗ ಅವಳು ನಿಜವನ್ನೇ ಹೇಳಿದಳು: ಶನಿವಾರ ಯಾರೂ ಬರುವುದಿಲ್ಲ. ಬೇಮ್‌ಗೂ ಗೇಟಿನವನಿಂದ ಅದು ಗೊತ್ತಿತ್ತು. ಸುಳ್ಳಾಡಲಿಲ್ಲವೆಂದು ಮೆಚ್ಚಿ, ಹುಡುಗಿಯ ವಿಷಯ ತಲೆಯಿಂದ ತೆಗೆದುಬಿಡಿ, ಆದ ಹಾಗೇ ಎಂದ. ಮನೆಗೆ ಬಂದು ಅವಳು ರಾದ್ಕಾಗೆ ಅದನ್ನು ಹೇಳಿದಳು. ಹುಡುಗಿ ಅಮ್ಮನನ್ನು ತಬ್ಬಿ ಅಡುಗೆಮನೆ ತುಂಬ ಕುಣಿದಳು. ಆಲೂಗಡ್ಡೆ ಹಿಟ್ಟಿನ ಉಂಡೆಗಳು ಒಲೆಯ ಮೇಲೆ ಕುದ್ದು ಕುದ್ದು ಒಡೆದುಹೋದವು.

ನೋಡಿ, ಎಲ್ಲ ಎಷ್ಟು ಚೆನ್ನಾಗಿ ಕೂಡಿಬಂದಿತ್ತು. ಅವಳು ಯಾರ ಹೆಸರನ್ನೂ ಹೇಳಿರಲಿಲ್ಲ. ಗೆರೆ ಸರಿಯಾಗಿತ್ತು, ಕೋಣೆ ಉಳಿದಿತ್ತು, ಮಗಳಿಗೆ ಸೀಟು ಸಿಕ್ಕ ಹಾಗೆಯೇ. ಬೇಕಾದದ್ದು ಅವಳು ಬಾಯಿ ಮುಚ್ಚಿಕೊಂಡಿರುವುದು, ಅಷ್ಟೇ. ತೂಮಾ ಮತ್ತೆ ಬಂದರೆ ಬೇಮ್ ಮತ್ತೆ ಹೆಸರು ಕೇಳುತ್ತಾನೆ. ಆಗ ಒಂದೋ ಹೆಸರು ಹೋಗುತ್ತದೆ, ಇಲ್ಲ ಸೀಟು ಹೋಗುತ್ತದೆ. ನಮ್ಮಲ್ಲಿ ಇಂಥ ಮೌನದ ಮೇಲೆ ಮನೆ ಕಟ್ಟಿಕೊಂಡು ನೆಮ್ಮದಿಯಾಗಿ ಇದ್ದವರಿಗೇನು ಕಡಿಮೆಯೇ? ಕ್ವೇತಾಳೂ ಇರಬಹುದಿತ್ತು. ಆದರೆ ಒಂದು ದಿನ ಮಾಂಸದ ಅಂಗಡಿಯ ಸಾಲಿನಲ್ಲಿ ತನ್ನ ಮುಂದೆಯೇ ತೂಮಾ ನಿಂತಿದ್ದನ್ನು ಕಂಡಳು. ಅವನ ಕೈಗಳು ಕೆಂಪಗೆ ಸುಲಿದುಹೋಗಿದ್ದವು.

ಏನಾಯಿತೆಂದು ಅವಳು ಕೇಳಿದಳು. ಮರಳು ಹಾಕಿ ತಿಕ್ಕುತ್ತಿದ್ದೇನೆ, ಆಮೇಲೆ ಸೀಮೆಎಣ್ಣೆ, ಆಮೇಲೆ ಸೋಡಾ ಎಂದು ಅವನು ಹೇಳಿದ. "ಇಷ್ಟು ವರ್ಷ ಏನೇನೋ ಕಿತ್ಕೊಂಡ್ರು, ಪಾನಿ ಕ್ವೇತಾ, ನಂಗೆ ನಾಚಿಕೆ ಆಗಿರ್ಲಿಲ್ಲ. ಈಗ ಆಗ್ತಿದೆ. ವ್ರಾಟಿಸ್ಲಾವನ ಕೆಲಸ ನಾನೇ ಕೆಡಿಸಿದೆನಲ್ಲ." ಸಾಲು ಮುಂದೆ ಸರಿಯಿತು. ಅವಳು ಮಾಂಸ ಕೊಳ್ಳದೆ ಹೊರಗೆ ಬಂದು, ಗೋಡೆಗೆ ಒರಗಿ ನಿಂತು ಅತ್ತಳು. ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತ್ತು.

ಮುಂದಿನ ಶನಿವಾರ ಅವಳು ನೆಲಮಾಳಿಗೆಗೆ ನೀಲಿ ಡಬ್ಬಿ ತಂದಳು. ಮಾತು ಆರಂಭಿಸಲು ಧೈರ್ಯ ಸಾಲದೆ ಕೆಲಸಕ್ಕೆ ನಿಂತಳು. ಪಾತ್ರೆ ತೊಳೆದು ಹೇಯ್ಡಾ ಅವರ ಮುಂದಿಟ್ಟು, ಅಳೆಯಿರಿ ಎಂದಳು. ಗೆರೆ ನುಣ್ಣಗೆ ಬಂತು. ಅದನ್ನೇ ಮತ್ತೆ ತೊಳೆದು, ಡಬ್ಬಿಯಿಂದ ಒಂದಿಷ್ಟು ಮುಲಾಮನ್ನು ಹೆಬ್ಬೆರಳಿಗೆ ತಿಕ್ಕಿ, ಸೋಪು ಹಾಕಿ ಕೈ ತೊಳೆದು, ಪಾತ್ರೆಗೆ ನೀರು ತುಂಬಿ ಅದರ ಬಾಯಿಗೆ ಆ ಹೆಬ್ಬೆರಳನ್ನಿಟ್ಟು ಅಲ್ಲಾಡಿಸಿ ಚೆಲ್ಲಿದಳು. ಮತ್ತೆ ಅಳೆಯಿರಿ ಎಂದಳು. ಪೆನ್ನು ಸ್ವಲ್ಪ ದೂರ ಹತ್ತಿ, ಜ್ವರ ಬಂದವರ ಕೈಯ ಹಾಗೆ ನಡುಗತೊಡಗಿತು.

ಹೇಯ್ಡಾ ಪೆನ್ನನ್ನು ನೋಡಿದರು. ಡಬ್ಬಿಯನ್ನು ಎತ್ತಿ ಜರ್ಮನ್ ಅಕ್ಷರಗಳನ್ನು ಓದಿದರು. ಅಂಥ ಅಂಗಡಿಗೆ ಪಕ್ಷದ ಎಂಥವರು ಹೋಗುತ್ತಾರೆಂದು ಈ ಊರಲ್ಲಿ ತಿಳಿಯದವರಿಲ್ಲ.

"ಯಾರು ಕೊಟ್ರು ಅಂತ ನಾನು ಕೇಳಲ್ಲ," ಎಂದರು.

"ಕೇಳಿ, ಡಾಕ್ಟ್ರೇ. ಕೇಳದೆ ಇದ್ರೆ ನಾನು ಇನ್ನೂ ಏನೇನೋ ಹೇಳಿರ್ತೀನಿ ಅಂತ ಅಂದ್ಕೋತೀರಿ."

ಅವಳು ಎಲ್ಲವನ್ನೂ ಹೇಳಿದಳು. ಕಾಫಿ, ರಾದ್ಕಾ, ಹೇಳದೆ ಉಳಿಸಿಕೊಂಡ ಹೆಸರು. ಹೇಯ್ಡಾ ಯಂತ್ರ ಆರಿಸುವುದನ್ನೂ ಮರೆತು ಕೂತಿದ್ದರು, ಪೆನ್ನು ಕಾಗದದ ಅಂಚಿಗೆ ತಾಗಿ ಕಟಕಟ ಅನ್ನುತ್ತಿತ್ತು. ಕೊನೆಗೆ ಅವರು ಎದ್ದು ಕೋಟು ಹಾಕಿಕೊಂಡರು. ಆಸ್ಪತ್ರೆಯ ಬಾಯ್ಲರ್ ಕೋಣೆಗೆ ನಡೆದೇ ಹೋಗಿ ತೂಮಾನ ಕ್ಷಮೆ ಕೇಳಿದರಂತೆ.

ತೂಮಾ ಮತ್ತೆ ಬಂದ. ಬಂದವನು ಮೊದಲು ಕ್ವೇತಾಳ ಹತ್ತಿರ ಹೋಗಿ, ತನ್ನ ಸುಲಿದ ಕೈಯನ್ನು ಅವಳ ಬಿರುಕುಬಿಟ್ಟ ಕೈಯ ಪಕ್ಕ ಮೇಜಿನ ಮೇಲಿಟ್ಟ. "ಒಳ್ಳೆ ಜೋಡಿ," ಎಂದ. ಅವಳಿಗೆ ತಲೆ ಎತ್ತಿ ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಶುಕ್ರವಾರ ಬೇಮ್ ಕಾಫಿ ತರಿಸಿ, ಟೋಪಿ ಮತ್ತೆ ಕಾಣಿಸಿಕೊಂಡಿದೆಯಂತಲ್ಲ ಎಂದ. ಕ್ವೇತಾ ಮುಚ್ಚಳ ಬಿಗಿದ ಡಬ್ಬಿಯನ್ನು ಅವನ ಮೇಜಿನ ಮೇಲಿಟ್ಟಳು.

"ಇದು ಹಚ್ಚಿದ್ರೆ ಗಾಜು ಕೆಡತ್ತೆ, ಕಾಮ್ರೇಡ್."

"ಮನೇಲಿ ಹಚ್ಕೊಳ್ಳಿ."

"ಮನೇಲೇ ಹಚ್ತಿದ್ದೆ."

ಬೇಮ್ ಅವಳ ಕೈಗಳನ್ನು ನೋಡಿದ. ಗೆಣ್ಣುಗಳು ಮತ್ತೆ ಒಡೆದಿದ್ದವು. ಅವನಿಗೆ ಅರ್ಥವಾಯಿತು. ಕೋಪ ಮಾಡಿಕೊಳ್ಳಲಿಲ್ಲ, ಮೊಣಕಾಲಿನ ನೋವು ಹೇಗಿದೆ ಎಂದು ಮಾತ್ರ ಆವತ್ತು ಕೇಳಲಿಲ್ಲ. ಆಮೇಲೆ ಅವನು ಒಂದೆರಡು ಶನಿವಾರ ಹಳ್ಳಿಮನೆ ಬಿಟ್ಟು ಕಾದು ನೋಡಿದನಂತೆ. ವಿಷಯ ಹೇಗೋ ತಿಳಿದು ತೂಮಾ ಆ ದಿನಗಳಲ್ಲಿ ಬಾಯ್ಲರ್ ಬಿಟ್ಟು ಕದಲಲಿಲ್ಲ. ಬೇಮ್ ಟೊಮೇಟೊಗೆ ವಾಪಸಾದ.

ಬೇಸಿಗೆಗೆ ಮುಂಚೆ ಶಾಲೆಯ ಮುಖ್ಯೋಪಾಧ್ಯಾಯಿನಿ ಕ್ವೇತಾಳನ್ನು ಕರೆಸಿದಳು. ನರ್ಸಿಂಗ್ ಶಾಲೆಯಲ್ಲಿ ಜಾಗವಿಲ್ಲ, ಅಂಕದ ಪ್ರಶ್ನೆಯಲ್ಲ, ಹುಡುಗಿಗೆ ಬೇರೆ ಕಡೆ ಏರ್ಪಾಡಾಗಿದೆ ಎಂದು ಕಿಟಕಿಯ ಕಡೆ ನೋಡುತ್ತ ಹೇಳಿದಳು. ಏರ್ಪಾಡಾಗಿದ್ದದ್ದು ಮಿಠಾಯಿ ಕಾರ್ಖಾನೆಯಲ್ಲಿ, ಕೆಲಸ ಕಲಿಯುವ ಹುಡುಗಿಯಾಗಿ. ರಾದ್ಕಾ ಅಳುವುದು ಮುಗಿಸಲು ಬಹಳ ದಿನ ಹಿಡಿಯಿತು. ಆದ ಹಾಗೇ ಅಂದಿದ್ದೆಯಲ್ಲಮ್ಮ ಎಂದು ಕೇಳಿದಳು. ಕೆನಡಾದ ಮಾವನ ಕಾರಣ ಎಂದಳು ಕ್ವೇತಾ. ಅದು ಪೂರ್ತಿ ಸುಳ್ಳೂ ಅಲ್ಲ.

ಆ ಚಳಿಗಾಲಕ್ಕೆ ತಾಯಿ ಮಗಳು ಇಬ್ಬರೂ ಒಂದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದರು. ಟ್ರಾಮಿನಲ್ಲಿ ಮಕ್ಕಳು ತಿರುಗಿ ನೋಡಿದರೆ ಯಾರನ್ನು ನೋಡಿದವೆಂದು ಹೇಳಲು ಬರುತ್ತಿರಲಿಲ್ಲ. ಕ್ರಿಸ್‌ಮಸ್‌ಗೆ ಮುಂಚಿನ ಒಂದು ಸಂಜೆ ರಾದ್ಕಾ, ಇಡೀ ದಿನ ಬಾದಾಮಿ ನಾದಿ ಬೆಣ್ಣೆಯಷ್ಟು ಮೆತ್ತಗಾದ ಕೈಯಲ್ಲಿ, ಹೆಬ್ಬಾತಿನ ಕೊಬ್ಬಿನ ಬಟ್ಟಲು ಹಿಡಿದು ಅಮ್ಮನ ಎದುರು ಕೂತಳು. ನರ್ಸ್ ಆಗದ ಹುಡುಗಿ ಅಮ್ಮನ ಬಿರುಕುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಕೊಬ್ಬು ಹಚ್ಚಲು ಹೋದಾಗ ಕ್ವೇತಾ ಕೈ ಎಳೆದುಕೊಂಡಳು.

"ಬೇಡ ಮಗಳೇ. ನಾಳೆ ಗಾಜು ತೊಳೆಯೋದಿದೆ."

"ನಿಂಗೆ ನನಗಿಂತ ಆ ಗಾಜೇ ಹೆಚ್ಚಾಯ್ತಾ ಅಮ್ಮ?"

ಹುಡುಗಿ ಸುಮ್ಮನೆ ಮುನಿಸಿಗೆ ಅಂದದ್ದು. ಏನೂ ತಿಳಿಯದೆ ಅಂದದ್ದು. ಇಲ್ಲ ಎನ್ನಲು ಕ್ವೇತಾಳಿಗೆ ಆಗಲಿಲ್ಲ. ಎಡಗೈಯನ್ನು ಮಗಳ ಮುಂದೆ ಚಾಚಿದಳು. ಬಲಗೈಯ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.